ಹೈಸ್ಕೂಲಿನ ಕೊನೇ ವರ್ಷ, ಕಾಲೇಜಿನಲ್ಲಿ

ಮಗಳಿಗೆ ಇದು ಹೈಸ್ಕೂಲಿನ ಕೊನೇ ವರ್ಷ (ಅಮೆರಿಕದಲ್ಲಿ ಅದು ಹನ್ನೆರಡನೇ ಕ್ಲಾಸು), ಆದರೆ ಹೈಸ್ಕೂಲಿನ ಕಡೆ ತಲೆ ಹಾಕುವುದೇ ಅಪರೂಪ. ನಾವಿರುವ ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್ ಅಂತ ಒಂದು ವ್ಯವಸ್ಥೆ ಇದೆ, 1990ರ ಕಾನೂನು. ಹನ್ನೊಂದು, ಹನ್ನೆರಡನೇ ಕ್ಲಾಸಿನವರು ಕಮ್ಯುನಿಟಿ ಕಾಲೇಜಿನಲ್ಲಿ (ಊರಿನವರಿಗಾಗಿ ಇರುವ ಸರ್ಕಾರಿ ಕಾಲೇಜು) ಟ್ಯೂಷನ್ ಫೀ ಇಲ್ಲದೆ ಓದಬಹುದು. ಪುಸ್ತಕ, ಓಡಾಟದ ಖರ್ಚು ನಮ್ಮದೇ, ಅದೇನೂ ಕಡಿಮೆಯಲ್ಲ ಬಿಡಿ. ಕಾಲೇಜಿನ 5 ಕ್ರೆಡಿಟ್ಟಿನ ಕೋರ್ಸು ಹೈಸ್ಕೂಲಿಗೆ 1 ಕ್ರೆಡಿಟ್, ಅಂದರೆ ಸ್ಕೂಲಲ್ಲಿ ವರ್ಷವಿಡೀ ಎಳೆಯುವ ಪಾಠ ಇಲ್ಲಿ ಒಂದೇ ಕ್ವಾರ್ಟರಿನಲ್ಲಿ, ಅಂದರೆ ಸುಮಾರು ಮೂರು ತಿಂಗಳಲ್ಲಿ, ಮುಗಿಯುತ್ತದೆ.

ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವಳ ಜೊತೆಗಾತಿ ನರ್ಸಿಂಗ್ ಸೇರಬೇಕೆಂದಿರುವ ಒಬ್ಬ ತಾಯಿ. ಮಗುವನ್ನು ಡೇಕೇರಿಗೆ ಬಿಟ್ಟು, ಕೋಟಿನ ಮೇಲೆ ಬಿಸ್ಕತ್ತಿನ ಪುಡಿ ಹೊತ್ತುಕೊಂಡೇ ಬರುತ್ತಾರಂತೆ. ಇವಳು ಈಗ ಮನೆಯಲ್ಲಿ ತನ್ನ ತಟ್ಟೆ ತಾನೇ ತೊಳೆಯುತ್ತಾಳೆ! ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗಂತೂ ಖುಷಿ.

ಮಾರ್ಕ್ಸ್ ಕೇಳೋಣ ಅಂತ ಅವಳಪ್ಪ ಕಾಲೇಜಿಗೆ ಫೋನ್ ಮಾಡಿದರೆ, ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ ಅಂದರು. ಹದಿನೇಳು ವರ್ಷ ಆದರೇನು, ಕಾಲೇಜು ಸೇರಿದ ಮೇಲೆ ಆ ಹಕ್ಕು ಅವಳದೇ. ನನ್ನ ಪಿಯುಸಿ ಮಾರ್ಕ್ಸು ನನಗಿಂತ ಮೊದಲು ಎದುರುಮನೆ ಆಂಟಿಗೆ ಗೊತ್ತಾಗಿತ್ತು!

ಹೈಸ್ಕೂಲಿನ ಫ್ರೆಂಡ್ಸ್ ಜೊತೆ ಮಧ್ಯಾಹ್ನದ ಊಟ ತಪ್ಪಿತು ಅನ್ನುವ ಬೇಜಾರು ಅವಳಿಗೆ ಇದೆ. ಪ್ರಾಮ್‌ಗೆ, ಅಂದರೆ ಹೈಸ್ಕೂಲಿನ ಡ್ಯಾನ್ಸ್ ಪಾರ್ಟಿಗೆ ಮಾತ್ರ ಹೋಗಿಯೇ ಹೋಗುತ್ತಾಳಂತೆ, ಡ್ರೆಸ್ ಹುಡುಕಾಟ ಈಗಲೇ ಶುರುವಾಗಿದೆ.