ತಲೆಯ ಕಡೆ ನಿಂತವಳ ಲೆಕ್ಕ

"ಖರ್ಚು ಎಷ್ಟಾದರೂ ಆಗಲಿ ಮೇಡಂ, ಲೇಸರ್ ಆಪರೇಷನ್ನನ್ನೇ ಮಾಡಿ."

ರಾತ್ರಿ ಹತ್ತೂವರೆಗೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ರೋಗಿಯ ಅಣ್ಣ ಕೈಮುಗಿದು ನಿಂತಿದ್ದ. ಅದು ಲೇಸರ್ ಅಲ್ಲಪ್ಪಾ, ಲ್ಯಾಪ್ರೋಸ್ಕೋಪಿ ಎಂದು ತಿದ್ದುವ ಹೊತ್ತು ಅದಾಗಿರಲಿಲ್ಲ. ರೋಗಿ, ಅಂದರೆ ಅವನ ತಮ್ಮ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಸಂಜೆ ಐದಕ್ಕೆ ಹೊಟ್ಟೆ ಹಿಡಿದುಕೊಂಡು ಕುಳಿತವನು ಮತ್ತೆ ನೆಟ್ಟಗೆ ನಿಂತಿರಲಿಲ್ಲ. ಹೊಟ್ಟೆ ಹಲಗೆಯಾಗಿತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯ) ಕೆಳಗೆ, ಯಕೃತ್ತಿನ ಮೇಲೆ, ಬಿದಿಗೆ ಚಂದ್ರನಂಥ ಕಪ್ಪು ಗೆರೆ. ಕರುಳಿನೊಳಗೆ ಇರಬೇಕಾದ ಗಾಳಿ ಹೊರಗೆ ಬಂದಿದೆ, ಅಂದರೆ ಹುಣ್ಣು ತೂತಾಗಿದೆ.

ನಾನು ಅರಿವಳಿಕೆ ತಜ್ಞೆ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಹದಿನೇಳು ವರ್ಷಗಳಿಂದ ಇದೇ ಕೆಲಸ. ಸರ್ಜನ್ ಹೊಟ್ಟೆಯ ಪಕ್ಕದಲ್ಲಿ ನಿಲ್ಲುತ್ತಾರೆ, ನಾನು ತಲೆಯ ಕಡೆ. ನಡುವೆ ಒಂದು ಹಸಿರು ಬಟ್ಟೆ. ತೂತಾದ ಹುಣ್ಣನ್ನು ಮುಚ್ಚಲು ದಾರಿ ಎರಡು: ಹೊಟ್ಟೆಯನ್ನು ಸೀಳಿ ತೆರೆಯುವುದು, ಇಲ್ಲವೇ ಸಣ್ಣ ರಂಧ್ರಗಳಿಂದ ಕ್ಯಾಮೆರಾದ ದುರ್ಬೀನು ಹಾಕಿ ಮಾಡುವ ಲ್ಯಾಪ್ರೋಸ್ಕೋಪಿ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಈ ಎರಡು ವಿಧಾನಗಳ ಬಗ್ಗೆ ಬರೆಯುವವರೆಲ್ಲ ಬಟ್ಟೆಯ ಆ ಕಡೆಯವರು. ಈ ಕಡೆಯಿಂದ ನೋಡಿದರೆ ಲೆಕ್ಕ ಸ್ವಲ್ಪ ಬೇರೆ.

ಒಳಗೆ ಮಾಡುವ ಕೆಲಸ ಎರಡರಲ್ಲೂ ಒಂದೇ. ತೂತು ಸಾಮಾನ್ಯವಾಗಿ ಜಠರ ಮುಗಿದು ಸಣ್ಣಕರುಳು ಶುರುವಾಗುವಲ್ಲಿ, ಮುಂಭಾಗದಲ್ಲಿ ಇರುತ್ತದೆ. ಹಮಾಲನದು ಜೋಳದ ಕಾಳಿನಷ್ಟಿತ್ತು. ಅಂಚು ಊದಿಕೊಂಡಿರುವುದರಿಂದ ಹರಿದ ಅಂಗಿಯನ್ನು ಹೊಲಿದಂತೆ ಎಳೆದು ಹೊಲಿದರೆ ದಾರ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆಯ ಒಂದು ತುದಿಯನ್ನು ತಂದು ತೂತಿನ ಮೇಲೆ ಕೂರಿಸಿ, ಮೂರು ಗಂಟು ಹಾಕುತ್ತಾರೆ. ಟೊರಾಂಟೊದ ರಾಸ್ಕೋ ಗ್ರಹಾಂ 1937ರಲ್ಲಿ ಬರೆದ ಈ ತೇಪೆಯೇ ಇಂದಿಗೂ ನಡೆಯುತ್ತಿದೆ. ಆಮೇಲೆ ಬೆಚ್ಚಗಿನ ಸಲೈನಿನಲ್ಲಿ ಹೊಟ್ಟೆಯನ್ನು ಲೀಟರುಗಟ್ಟಲೆ ತೊಳೆಯುವುದು. 1990ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಮತ್ತು ಸಂಗಡಿಗರು ದುರ್ಬೀನಿನ ದಾರಿ ತೋರಿಸಿದಾಗ ಬದಲಾದದ್ದು ಮುಖ್ಯವಾಗಿ ಒಳಗೆ ಹೋಗುವ ಬಾಗಿಲು.

ಬಾಗಿಲು ಸಣ್ಣದಾದರೆ ಯಾರಿಗೆ ಬೇಡ? ಆದರೆ ಸಣ್ಣ ಬಾಗಿಲಿಗೆ ಬಾಡಿಗೆಯಿದೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿದರೆ ಮಾತ್ರ ಕ್ಯಾಮೆರಾಕ್ಕೆ ಜಾಗ. ಆ ಒತ್ತಡಕ್ಕೆ ವಪೆ ಮೇಲೆ ಸರಿಯುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅನಿಲ ರಕ್ತಕ್ಕೂ ಸೇರುತ್ತದೆ. ಹಮಾಲನ ಇಪ್ಪತ್ತೆಂಟರ ದೇಹ ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನು ವೆಂಟಿಲೇಟರಿನ ಉಸಿರಾಟದ ಸಂಖ್ಯೆಯನ್ನು ತುಸು ಏರಿಸಿದೆ, ಅಷ್ಟೇ. ಮರುದಿನ ಅವನು ದೂರಿದ್ದು ಬಲಭುಜದ ನೋವನ್ನು. "ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯುತ್ತದೆ?" ಎಂದು ಅಣ್ಣನಿಗೆ ಗುಮಾನಿ. ಉಳಿದ ಅನಿಲ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣುತ್ತದೆ. ಎರಡು ದಿನದಲ್ಲಿ ಹೋಯಿತು.

ಎರಡು ದಿನ ಬಿಟ್ಟು ಅರವತ್ತೆಂಟರ ಅಜ್ಜನೊಬ್ಬ ಬಂದ. ನೋವು ಶುರುವಾಗಿ ಒಂದೂವರೆ ದಿನ. ಮಂಡಿನೋವಿಗೆಂದು ಎರಡು ತಿಂಗಳಿಂದ ಅಂಗಡಿಯ ಗುಳಿಗೆ, ಜೊತೆಗೆ ಬೀಡಿ. ಮನೆಯವರು ದೂರಿದ್ದು ಮಾತ್ರ ಮೆಣಸಿನಕಾಯಿಯನ್ನು. ನಮ್ಮ ಕಡೆ ಹೊಟ್ಟೆಯ ಎಲ್ಲ ಪಾಪಗಳಿಗೂ ಮೆಣಸಿನಕಾಯಿಯೇ ಹೊಣೆ! ಮೂರು ಲೀಟರ್ ಸಲೈನ್ ಹೋದ ಮೇಲೆ ರಕ್ತದೊತ್ತಡ ನೂರಕ್ಕೆ ಬಂತು. ಸರ್ಜನ್ "ದುರ್ಬೀನು ಹಾಕಿ ನೋಡೋಣವೇ ಮೇಡಂ?" ಎಂದು ಕೇಳಿದರು. ಹೂಂ ಎಂದೆ. ಅದು ನನ್ನ ತಪ್ಪು. ಆ ನೂರು ಸಲೈನಿನಿಂದ ಸಾಲ ತಂದ ನೂರು ಎಂದು ನನಗೆ ಗೊತ್ತಿರಬೇಕಿತ್ತು.

ಹೊಟ್ಟೆಯೊಳಗೆ ಅನಿಲ ಹೋಗುತ್ತಿದ್ದಂತೆ ರಕ್ತದೊತ್ತಡ ಎಂಬತ್ತು, ಎಪ್ಪತ್ತೆರಡು. ಮಾನಿಟರಿನಲ್ಲಿ ಇಂಗಾಲದ ಡೈಆಕ್ಸೈಡಿನ ಅಂಕಿ ಏರುತ್ತಲೇ ಇತ್ತು. "ಗ್ಯಾಸ್ ಹೊರಗೆ ಬಿಡಿ ಸರ್" ಎಂದೆ. ಸರ್ಜನ್ ಮರುಮಾತಾಡಲಿಲ್ಲ. ಅನಿಲ ಬಿಟ್ಟರು, ಬ್ಲೇಡ್ ಕೇಳಿದರು, ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ತೆರೆದರು. ಮುಕ್ಕಾಲು ಗಂಟೆಯಲ್ಲಿ ತೇಪೆಯೂ ಆಯಿತು, ಕೀವು ತೊಳೆದದ್ದೂ ಆಯಿತು. ಅರ್ಧದಲ್ಲಿ ದಾರಿ ಬದಲಿಸುವುದನ್ನು ಸೋಲು ಎಂದುಕೊಳ್ಳುವ ಸರ್ಜನ್ನರನ್ನೂ ನೋಡಿದ್ದೇನೆ; ಅಂಥವರ ಜೊತೆ ರಾತ್ರಿ ಪಾಳಿ ಬೇಡವೇ ಬೇಡ.

ಹಾಗೆಂದು ದೊಡ್ಡ ಗಾಯವನ್ನು ಹೊಗಳುವಂತೆಯೂ ಇಲ್ಲ. ಹೊಟ್ಟೆಯ ಮೇಲ್ಭಾಗದ ಸೀಳು ಪ್ರತಿ ಉಸಿರಿಗೂ ಅಡ್ಡ ಬರುತ್ತದೆ. ನೋವಿನ ಭಯಕ್ಕೆ ರೋಗಿ ಕೆಮ್ಮುವುದಿಲ್ಲ, ಕಫ ಕೆಳಗೇ ಕೂರುತ್ತದೆ, ಮೂರನೆಯ ದಿನ ಜ್ವರ. 2002ರಲ್ಲಿ ಹಾಂಗ್‌ಕಾಂಗ್‌ನ ಸರ್ಜನ್ನರು 121 ರೋಗಿಗಳ ಹೋಲಿಕೆಯನ್ನು ಪ್ರಕಟಿಸಿದಾಗ, ದುರ್ಬೀನಿನ ಗುಂಪಿನಲ್ಲಿ ನೋವು ಕಡಿಮೆ ಎಂಬುದರ ಜೊತೆಗೆ ಎದೆಯ ಸೋಂಕೂ ಕಡಿಮೆ ಎಂದಿತ್ತು. ನನಗೆ ನಾಟಿದ್ದು ಆ ಎರಡನೆಯ ಮಾತು. ಗಾಯದ ಕಲೆ ಅಂಗಿಯೊಳಗೆ ಅಡಗುತ್ತದೆ. ಬೀಡಿ ಸೇದಿದ ಶ್ವಾಸಕೋಶ ಎಲ್ಲಿ ಅಡಗಬೇಕು?

ಅಜ್ಜನಿಗೆ ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನ ಕೊಟ್ಟು ಉಸಿರೆಳೆಯಲು ಹೇಳಿದೆವು. ಮೊದಲ ದಿನ ಒಂದು ಚೆಂಡು ನಡುಗಿ ಅಲ್ಲೇ ಕುಳಿತಿತು. ದಿಂಬನ್ನು ಗಾಯಕ್ಕೆ ಒತ್ತಿ ಹಿಡಿದು ಕೆಮ್ಮುವುದನ್ನು ಅಜ್ಜಿಯೇ ಕಲಿಸಿದಳು, ಕೆಮ್ಮದಿದ್ದರೆ ಬೈದಳು. ಆರನೆಯ ದಿನ ಎರಡನೆಯ ಚೆಂಡು ಮೇಲೆ ಹೋಯಿತು.

ಇಬ್ಬರಿಗೂ ಹುಣ್ಣಿಗೆ ಕಾರಣವಾಗುವ ಎಚ್. ಪೈಲೊರಿ ಬ್ಯಾಕ್ಟೀರಿಯಾಕ್ಕೆ ಹದಿನಾಲ್ಕು ದಿನಗಳ ಔಷಧ ಬರೆದಾಯಿತು. ಇದನ್ನು ತಪ್ಪಿಸಿದರೆ ಯಾವ ಬಾಗಿಲಿನಿಂದ ಹೋಗಿದ್ದೆವು ಎಂಬುದಕ್ಕೆ ಅರ್ಥವಿಲ್ಲ, ಹುಣ್ಣು ಮರಳಿ ಬರುತ್ತದೆ. ನೋವಿನ ಗುಳಿಗೆಯೂ ಹುಣ್ಣು ತರುತ್ತದೆ; ಅಜ್ಜನ ಗುಳಿಗೆಗಳ ಪೊಟ್ಟಣವನ್ನು ನಾನೇ ಕಸದ ಬುಟ್ಟಿಗೆ ಹಾಕಿದೆ.

ಹಮಾಲ ಬಿಡುಗಡೆಯಾಗುವ ಬೆಳಿಗ್ಗೆ ವಾರ್ಡಿಗೆ ಹೋದೆ. ಅವನು ಅಂಗಿ ಎತ್ತಿ, ಪಕ್ಕದ ಮಂಚದ ಅಜ್ಜನಿಗೆ ತನ್ನ ಪುಟ್ಟ ಪಟ್ಟಿಗಳನ್ನು ಎಣಿಸಿ ತೋರಿಸುತ್ತಿದ್ದ. ಅಜ್ಜ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಎಲ್ಲವನ್ನೂ ನೋಡಿದ.

"ನಿನಗೆ ಬರೀ ಲೇಸರ್. ನನಗೆ ಎರಡನ್ನೂ ಮಾಡಿದ್ದಾರೆ ತಮ್ಮಾ."