ಟಾರ್ಪಾಲಿನ ಕೆಳಗಿನ ಬಿಳಿ

ಚಿಕ್ಕಮಗಳೂರಿನವನಾದ ನನಗೆ ಹಾಸನ ಎಂದರೆ ಬಸ್ಸು ಬದಲಿಸುವ ಊರು. ಬೆಂಗಳೂರಿಗೆ ಹೋಗುವಾಗ ಒಂದು ಕಾಫಿ, ಬರುವಾಗ ಒಂದು ಕಾಫಿ. ಇಷ್ಟು ವರ್ಷಗಳಲ್ಲಿ ಆ ಊರಿನೊಂದಿಗೆ ನನ್ನ ವ್ಯವಹಾರ ಅಷ್ಟೇ. ಚಿತ್ರ ಬರೆಯುವವನು ಹೇಳಿಕೊಳ್ಳುವ ಮಾತಲ್ಲ ಇದು.

ಕಳೆದ ಶ್ರಾವಣದಲ್ಲಿ ಹಾಸನದ ಅಂಗಡಿಯೊಂದಕ್ಕೆ ನಾಲ್ಕು ಜಲವರ್ಣ ಚಿತ್ರಗಳನ್ನು ಕಟ್ಟು ಹಾಕಲು ಕೊಟ್ಟಿದ್ದೆ. ನಾಲ್ಕೂ ಕೋಲ್ಕತ್ತದವು. ಒಂದರಲ್ಲಿ ಟ್ರಾಮ್ ಇತ್ತು. ಅಲ್ಲಿ ಟ್ರಾಮ್ ಮೊದಲು ಓಡಿದ್ದು 1873ರಲ್ಲಿ, ಆಗ ಅದನ್ನು ಎಳೆಯುತ್ತಿದ್ದುದು ಕುದುರೆಗಳು. ಉಳಿದ ಮೂರು ಹೌರಾ ಸೇತುವೆಯ ಬುಡದಲ್ಲಿರುವ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆಯವು. ಚೆಂಡು ಹೂವಿನ ಹಾರಗಳನ್ನು ಹೆಗಲ ಮೇಲೆ ಹಾವಿನಂತೆ ಸುತ್ತಿಕೊಂಡು ನಡೆಯುವ ಗಂಡಸರು, ಮೇಲೆ 1943ರಿಂದ ನಿಂತಿರುವ ಆ ಉಕ್ಕಿನ ರಾಶಿ. ಅಲ್ಲಿ ಮೂರು ಬೆಳಿಗ್ಗೆ ತಿಂಡಿಯನ್ನೂ ಮರೆತು ಬರೆದಿದ್ದೆ. ಪರ ಊರಿಗೆ ಹೋದರೆ ಕೈ ತಾನಾಗಿಯೇ ಪೆನ್ಸಿಲು ಹುಡುಕುತ್ತದೆ.

ಹತ್ತು ಗಂಟೆಗೆ ಸಿದ್ಧವಾಗಿರುತ್ತದೆ ಎಂದಿದ್ದ ಅಂಗಡಿಯಾತ, ನಾನು ಹೋದಾಗ ಇನ್ನೂ ಗಾಜನ್ನೇ ಕತ್ತರಿಸಿರಲಿಲ್ಲ. "ಮೂರು ಗಂಟೆಗೆ ಬಂದುಬಿಡಿ ಸಾರ್" ಎಂದ. ಹೊರಗೆ ಬಿಟ್ಟೂ ಬಿಡದ ಜಡಿಮಳೆ. ಬೈದುಕೊಳ್ಳುತ್ತ ಕಟ್ಟಿನಕೆರೆ ಮಾರುಕಟ್ಟೆಯ ಕಡೆಗೆ ನಡೆದು, ಒಂದು ಹೋಟೆಲಿನ ಮಹಡಿ ಹತ್ತಿ ಕಿಟಕಿಯ ಪಕ್ಕ ಕುಳಿತೆ.

ಕಿಟಕಿ ಎಂದಾಗ ಫ್ರೆಂಚ್ ಚಿತ್ರಕಾರ ಪಿಸಾರೊ ನೆನಪಾದ. ಕಣ್ಣಿನ ಬೇನೆಯಿಂದಾಗಿ ಬಯಲಿನಲ್ಲಿ ಕುಳಿತು ಬರೆಯಲಾಗದೆ ಆತ 1897ರಲ್ಲಿ ಪ್ಯಾರಿಸ್ಸಿನ ಹೋಟೆಲೊಂದರ ಕೋಣೆ ಹಿಡಿದು, ಕೆಳಗಿನ ಮೊಂಮಾರ್ತ್ ಬೀದಿಯೊಂದನ್ನೇ 14 ಸಲ ಚಿತ್ರಿಸಿದ. ಬೆಳಿಗ್ಗೆ, ಮಂಜು, ಮಳೆ, ರಾತ್ರಿಯ ದೀಪ. ನನಗಿದ್ದದ್ದು ಕಣ್ಣಿನ ಬೇನೆಯಲ್ಲ, ಸಿಟ್ಟು. ಆದರೂ ಎರಡನೆಯ ಕಾಫಿ ಬರುವಷ್ಟರಲ್ಲಿ ಪುಸ್ತಕ ತೆರೆದಿದ್ದೆ. ಮೇಲಿನಿಂದ ಕಾಣುತ್ತಿದ್ದದ್ದು ಬರೀ ಕೊಡೆಗಳು ಮತ್ತು ನೀಲಿ ಟಾರ್ಪಾಲು. ಎರಡು ಗೆರೆ ಎಳೆದು ಬೇಸರವಾಯಿತು. ಕೆಳಗಿಳಿದೆ.

ಟಾರ್ಪಾಲಿನ ಕೆಳಗೆ ಹೂವು ಮಾರುವವರ ಸಾಲು. ಅರವತ್ತು ದಾಟಿದ ಒಬ್ಬರು ಬುಟ್ಟಿಯ ಹಿಂದೆ ಕುಳಿತು ಸೇವಂತಿಗೆಯನ್ನು ಮಾರು ಹಾಕುತ್ತಿದ್ದರು. ಎರಡೂ ತೋಳು ಚಾಚುವುದು, ಹಗ್ಗದಂತೆ ಹೂವು ಜಗ್ಗುವುದು, ಕತ್ತರಿಸುವುದು. ನಾನೂ ಎದುರಿನ ಜಗಲಿಯಲ್ಲಿ ತೋಳು ಚಾಚಿ ಪೆನ್ಸಿಲು ಹಿಡಿದು ಅವರ ಎತ್ತರ ಅಳೆಯುತ್ತಿದ್ದೆ.

"ಏನು ಸ್ವಾಮಿ ಬರೆದುಕೊಳ್ಳುತ್ತಿದ್ದೀರಿ? ಸುಂಕದವರಾ?"

"ಅಲ್ಲಮ್ಮ, ಚಿತ್ರ."

"ಚಿತ್ರವಾ!" ಎಂದು ನಕ್ಕು ಮತ್ತೆ ಹೂವಿಗೆ ತಿರುಗಿದರು.

ಬಣ್ಣ ಹಾಕಲು ತೊಡಗಿದೆ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತೇವೆ. ರೂಢಿಯಂತೆ ಬಿಳಿ ಸೇವಂತಿಗೆಯ ಜಾಗವನ್ನು ಖಾಲಿ ಬಿಟ್ಟೆ, ಹಳದಿಗೆ ಹಳದಿ ಹಚ್ಚಿದೆ. ಏನೋ ಸರಿ ಬರಲಿಲ್ಲ. ಹೂವೆಲ್ಲ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದಂತೆ ಕಂಡವು.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, ಬಿಳಿ ಹೂವನ್ನು ಎತ್ತಿ ನೋಡಿ, "ಇದೇನಜ್ಜಿ, ನೆನ್ನೆಯದಾ? ಕಳೆಯೇ ಇಲ್ಲ" ಎಂದ. ಆಕೆಗೆ ಕೋಪ ಬಂತು. ಮಾರು ಹೂವನ್ನು ಕೈಯಲ್ಲಿ ಹಿಡಿದು ಎದ್ದು, ಟಾರ್ಪಾಲಿನ ಅಂಚು ದಾಟಿ ಮಳೆಯಲ್ಲೇ ಕೈ ಚಾಚಿದರು. "ಟಾರ್ಪಾಲಿನ ಕೆಳಗೆ ಹೂವಿನ ಬಣ್ಣ ನೋಡಬಾರದಪ್ಪ. ಈಗ ನೋಡು."

ನಾನೂ ನೋಡಿದೆ. ಹೊರಗೆ ಆಕೆಯ ಕೈಯಲ್ಲಿದ್ದದ್ದು ಸುಣ್ಣದಂಥ ಬಿಳಿ. ಒಳಗೆ ಬುಟ್ಟಿಯಲ್ಲಿ ಉಳಿದದ್ದು ತೆಳು ನೀಲಿ. ಹಳದಿ ಸೇವಂತಿಗೆ ನಿಂಬೆಕಾಯಿಯ ಹಸಿರಿಗೆ ತಿರುಗಿತ್ತು. ಆಕೆಯ ನೆರೆತ ಕೂದಲು ಕೂಡ ನೀಲಿ. ಒಂದು ಗಂಟೆಯಿಂದ ಎದುರಿಗೇ ಇತ್ತು ಎಲ್ಲ. ಮಲ್ಲಿಕ್ ಘಾಟ್‌ನಲ್ಲಾಗಿದ್ದರೆ ಮೊದಲ ಐದು ನಿಮಿಷಕ್ಕೇ ಹಿಡಿಯುತ್ತಿದ್ದೆ. ಇಲ್ಲಿ ಸೇವಂತಿಗೆ ಬಿಳಿ ಎಂದು ಹುಟ್ಟಿದಾಗಿನಿಂದ ಗೊತ್ತಲ್ಲ, ನೋಡಿರಲೇ ಇಲ್ಲ.

ಅಲ್ಟ್ರಾಮರೀನ್ ಎಂಬ ನೀಲಿಯನ್ನು ನೀರಿನಂತೆ ತೆಳುವಾಗಿ ಕಲಸಿ ಬುಟ್ಟಿ, ಹೂವು, ತಲೆ, ಸೀರೆ ಎನ್ನದೆ ಒಂದೇ ಎಳೆತದಲ್ಲಿ ಎಳೆದೆ. ಆಕೆ ಹೊರಗೆ ಚಾಚಿದ ಆ ಒಂದು ಮಾರು ಹೂವನ್ನು ಮಾತ್ರ ಕಾಗದದ ಬಿಳಿಯಾಗಿ ಬಿಟ್ಟೆ.

ವ್ಯಾಪಾರ ಮುಗಿಸಿ ಆಕೆಯೇ ಬಂದು ಬಗ್ಗಿ ನೋಡಿದರು. "ನಾನು ಇಷ್ಟು ದಪ್ಪವಾ?" ಎಂದರು. ನಿಜಕ್ಕೂ ಸ್ವಲ್ಪ ದಪ್ಪವಾಗಿಯೇ ಬಂದಿತ್ತು. ತಪ್ಪೊಪ್ಪಿಗೆಯಾಗಿ ಎರಡು ಮಾರು ಹೂವು ಕೊಂಡೆ, ಚೌಕಾಸಿ ಮಾಡಲಿಲ್ಲ.

ಮೂರು ಗಂಟೆ ಎಂದದ್ದು ನಾಲ್ಕಾಯಿತು. ಅಂಗಡಿಯಾತ ಕೋಲ್ಕತ್ತದ ನಾಲ್ಕನ್ನೂ ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟು, ನನ್ನ ಕೈಯಲ್ಲಿ ತೆರೆದೇ ಇದ್ದ ಪುಸ್ತಕ ನೋಡಿದ.

"ಇದು ಇಲ್ಲಿಯದೇ ಅಲ್ಲವಾ ಸಾರ್? ಇದಕ್ಕೂ ಕಟ್ಟು ಹಾಕುವುದಾ?"

"ಇನ್ನೂ ಒಣಗಿಲ್ಲ" ಎಂದೆ. ಆ ಮಳೆಗೆ ಬೇಲೂರು ದಾಟಿದರೂ ಒಣಗಿರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕುಳಿತಿದ್ದೆ, ಹೂವಿನ ಪೊಟ್ಟಣ ತಾಗದಂತೆ.