ಒಂದು ಕಣ್ಣಿಗಾ, ಎರಡೂ ಕಣ್ಣಿಗಾ?

ಬಾಗಿಲ ಚೌಕಟ್ಟು ಸೊಟ್ಟ ಕಾಣ್ತಿದೆ ಅಂತ ಅಮ್ಮ ಹೇಳಿದಾಗ ನಾನು ಎದ್ದು ಹೋಗಿ ಚೌಕಟ್ಟನ್ನೇ ನೋಡಿದೆ. ನೆಟ್ಟಗೇ ಇತ್ತು. ಬಲಗಣ್ಣು ಮುಚ್ಚಿಕೊಂಡರೆ ಅವಳಿಗೂ ನೆಟ್ಟಗೇ ಕಾಣುತ್ತಿತ್ತು. ಎಡಗಣ್ಣು ಮುಚ್ಚಿದರೆ ಮಾತ್ರ ಗೆರೆ ನಡುವೆ ಬಳುಕುತ್ತಿತ್ತು. ಅವಳಿಗೆ 15 ವರ್ಷದಿಂದ ಶುಗರ್ ಇದೆ.

ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿಸಿ, ಒಳಗೆ ನೋಡಿ, ಚೀಟಿಯಲ್ಲಿ ‘ಓಸಿಟಿ’ ಅಂತ ಬರೆದುಕೊಟ್ಟರು. ರೆಟಿನಾದ, ಅಂದರೆ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆಯ, ಸ್ಕ್ಯಾನ್. ಸ್ಕ್ಯಾನ್ ಮಾಡುವ ಜಾಗಕ್ಕೆ ಮೊದಲೇ ಫೋನ್ ಮಾಡಿ ಎಷ್ಟಾಗುತ್ತೆ ಅಂತ ಕೇಳಿದೆ. ಒಂದು ಮೊತ್ತ ಹೇಳಿದರು. ಪರವಾಗಿಲ್ಲ ಅನ್ನಿಸಿತು. ಅಷ್ಟನ್ನೇ ಲೆಕ್ಕ ಹಾಕಿಕೊಂಡು ಮರುದಿನ ಹೋದೆವು.

ಕೌಂಟರಿನಲ್ಲಿ ಬಿಲ್ ಕೈಗೆ ಬಂದಾಗ ಫೋನಿನಲ್ಲಿ ಹೇಳಿದ್ದರ ಎರಡೂವರೆ ಪಟ್ಟು ಇತ್ತು.

“ನಿನ್ನೆ ಬೇರೆ ಹೇಳಿದ್ರಲ್ಲ ಮೇಡಂ?”

“ಅದು ಒಂದು ಕಣ್ಣಿಗೆ ಸರ್.”

ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಪ್ಪು ಯಾರದ್ದು ಅಂತ ಜಗಳಕ್ಕೆ ನಿಲ್ಲುವ ಹಾಗೂ ಇಲ್ಲ. ಬಿಲ್ಲಿನಲ್ಲಿ ಬಲಗಣ್ಣಿಗೆ ಒಂದು ಸಾಲು, ಎಡಗಣ್ಣಿಗೆ ಒಂದು ಸಾಲು, ರಿಪೋರ್ಟ್ ಓದಿ ಬರೆಯುವ ಡಾಕ್ಟರಿಗೆ ಒಂದು ಸಾಲು. ಕೊನೆಯಲ್ಲಿ ‘ಇತರೆ’ ಅಂತ ಪುಟ್ಟದೊಂದು ಸಾಲು. ಇತರೆ ಅಂದ್ರೆ ಏನು ಅಂತ ಕೇಳಿದೆ. ಆ ಹುಡುಗಿ ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಕಂಪ್ಯೂಟರ್ ನೋಡಿದಳು. ಸಿಸ್ಟಂನಲ್ಲೇ ಹಾಗೆ ಬರುತ್ತೆ ಸರ್, ಅಂದರು.

ಎಡಗಣ್ಣು ಚೆನ್ನಾಗೇ ಇದೆಯಲ್ಲ, ಅದಕ್ಕೆ ಯಾಕೆ ಅನ್ನುವುದು ಅಮ್ಮನ ಪ್ರಶ್ನೆ. ಶುಗರ್ ಒಂದೇ ಕಣ್ಣು ಹಿಡಿದು ಕೂರುವುದಿಲ್ಲ, ಎರಡನ್ನೂ ಹೋಲಿಸಿ ನೋಡಬೇಕು ಅಂತ ಆಮೇಲೆ ಡಾಕ್ಟರು ವಿವರಿಸಿದರು. ಸರಿಯೇ. ಆದರೆ ಅದೇ ಮಾತು ಫೋನಿನಲ್ಲಿ ಬಂದಿದ್ದರೆ ನಾನು ಹಾಗೆ ಪೆಚ್ಚಾಗುತ್ತಿರಲಿಲ್ಲ.

ಸ್ಕ್ಯಾನ್ ಅಂದರೆ ಮಲಗಿಸುತ್ತಾರೆ, ಸೂಜಿ ಚುಚ್ಚುತ್ತಾರೆ ಅಂತ ಅಮ್ಮ ಹೆದರಿದ್ದಳು. ಅಂಥದ್ದೇನೂ ಇರಲಿಲ್ಲ. ಸ್ಟೂಲ್ ಮೇಲೆ ಕೂತು, ಗಲ್ಲ ಒಂದು ಹಲಗೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ಒಳಗೆ ಕಾಣುವ ಗುರುತನ್ನೇ ನೋಡಬೇಕು. ಕೆಂಪು ಗೆರೆಯೊಂದು ಸುಳಿದು ಹೋಗುತ್ತೆ. ರೆಪ್ಪೆ ಹೊಡೀಬೇಡಿ ಅಂದ ತಕ್ಷಣ ಅಮ್ಮನಿಗೆ ರೆಪ್ಪೆ ಹೊಡೆಯಲೇಬೇಕು ಅನ್ನಿಸಿತಂತೆ. ಮೊದಲ ಸಲ ಪರದೆಯ ಮೇಲೆ ಹತ್ತಕ್ಕೆ ನಾಲ್ಕು ಅಂತ ಬಂತು. ಸಿಗ್ನಲ್ ಸಾಲದು. ಕಣ್ಣು ಒಣಗಿದೆ ಅಂತ ಎರಡು ಹನಿ ಹಾಕಿ ಮತ್ತೆ ತೆಗೆದರು. ಏಳು ಬಂತು. ಈ ಮರುಸಲಕ್ಕೆ ದುಡ್ಡು ಹಾಕಲಿಲ್ಲ, ಅದನ್ನೂ ಹೇಳಿಬಿಡಬೇಕು.

“ಇಷ್ಟೇನಾ? ಇದಕ್ಕೆ ಅಷ್ಟಾ?” ಅಂದಳು ಅಮ್ಮ ಹೊರಗೆ ಬಂದು. ಹೆದರಿಕೆ ಹೋದ ಮೇಲೆ ಬೆಲೆ ಜಾಸ್ತಿ ಅನ್ನಿಸುವುದು ಸಹಜ, ಅಲ್ವಾ?

ನನಗೂ ಹಾಗೇ ಅನ್ನಿಸಿತ್ತು, ಚಿತ್ರ ನೋಡುವವರೆಗೆ. ಬೆಳಕು ರೆಟಿನಾದ ಪದರಗಳಿಗೆ ತಾಗಿ ವಾಪಸ್ ಬರುವುದನ್ನು ಅಳೆದು ಈ ಮೆಷಿನ್ ಚಿತ್ರ ಕಟ್ಟುತ್ತದೆ. 1991ರಲ್ಲಿ ಮೊದಲು ಬೆಳಕಿಗೆ ಬಂದ ವಿಧಾನ ಇದು. ಹಳೆಯ ಮೆಷಿನ್‌ಗಳು ಸೆಕೆಂಡಿಗೆ 400 ಗೆರೆ ಓದುತ್ತಿದ್ದವು, ಈಗಿನವು ಹತ್ತಾರು ಸಾವಿರ ಓದುತ್ತವೆ. ಎಡಗಣ್ಣಿನ ಚಿತ್ರದಲ್ಲಿ ಒಂದರ ಮೇಲೊಂದು ಪದರ, ನಡುವೆ ಸಣ್ಣ ತಗ್ಗು. ದೃಷ್ಟಿ ಅತಿ ಚುರುಕಾಗಿರುವ ಜಾಗವೇ ಆ ತಗ್ಗು. ಬಲಗಣ್ಣಿನಲ್ಲಿ ತಗ್ಗಿರುವ ಜಾಗದಲ್ಲಿ ದಿಬ್ಬ ಎದ್ದಿತ್ತು, ದಿಬ್ಬದೊಳಗೆ ಕಪ್ಪು ಗುಳ್ಳೆಗಳು. ನೀರು ತುಂಬಿಕೊಂಡಿದೆ ಅಂತ ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ನಡುಭಾಗದ ದಪ್ಪ 412 ಮೈಕ್ರಾನ್. ಒಂದು ಮಿಲಿಮೀಟರಿನ ಅರ್ಧವೂ ಇಲ್ಲ. ಅಷ್ಟಕ್ಕೆ ನಮ್ಮ ಚೌಕಟ್ಟು ಸೊಟ್ಟಗಾಗಿತ್ತು.

ಅಷ್ಟರಲ್ಲಿ ಇನ್ನೊಂದು ಚೀಟಿ ಬಂತು. ಓಸಿಟಿ ಜೊತೆ ಆಂಜಿಯೋ ಮತ್ತು ಫೋಟೋ ಸೇರಿಸಿದ ಪ್ಯಾಕೇಜ್. ಒಟ್ಟಿಗೆ ಮಾಡಿಸಿದರೆ ಉಳಿತಾಯ ಅಂದರು ಕೌಂಟರಿನವರು. ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ರಕ್ತನಾಳಗಳ ಫೋಟೋ ತೆಗೆಯುವ ಪರೀಕ್ಷೆ ಈ ಆಂಜಿಯೋ. ಆಮೇಲೆ ಮೈ ಸ್ವಲ್ಪ ಹಳದಿ, ಮೂತ್ರ ಒಂದೆರಡು ದಿನ ಕಿತ್ತಳೆ ಬಣ್ಣ. ಕೆಲವರಿಗೆ ವಾಕರಿಕೆ, ಅಪರೂಪಕ್ಕೆ ಅಲರ್ಜಿ. ನಾನು ದುಡ್ಡಿನ ಮಾತು ತೆಗೆಯದೆ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಇದರಿಂದ ಇವತ್ತಿನ ಚಿಕಿತ್ಸೆ ಬದಲಾಗುತ್ತಾ? ಡಾಕ್ಟರು ಎರಡು ಕ್ಷಣ ಯೋಚಿಸಿ, ಸದ್ಯಕ್ಕೆ ಬೇಡ, ಬೇಕಾದಾಗ ನೋಡೋಣ ಅಂತ ಗೆರೆ ಎಳೆದರು. ಅವರಿಗೆ ಬೇಜಾರೂ ಆಗಲಿಲ್ಲ. ಉಳಿತಾಯದ ಪ್ಯಾಕೇಜ್ ಬಿಟ್ಟಿದ್ದರಿಂದ ಆದ ಉಳಿತಾಯವೇ ದೊಡ್ಡದು.

ಊತ ಇಳಿಯಲು ಕಣ್ಣೊಳಗೆ ಇಂಜೆಕ್ಷನ್ ಕೊಡಬೇಕು ಅಂತ ಡಾಕ್ಟರು ಅಂದ ಮೇಲೆ ಇನ್ನೊಬ್ಬರನ್ನೂ ಕೇಳೋಣ ಅಂತ ಬೇರೆ ಕಡೆ ಹೋದೆವು. ಅಲ್ಲಿ ನಮ್ಮ ರಿಪೋರ್ಟ್ ನೋಡಿ, ಮತ್ತೆ ಸ್ಕ್ಯಾನ್ ಮಾಡಿಸಿ ಅಂದರು. ನನಗೆ ಸಿಟ್ಟು ಬಂತು, ಇನ್ನೊಂದು ಬಿಲ್ಲಿಗೆ ದಾರಿ ಅಂದುಕೊಂಡೆ. ಅವರು ಕೂರಿಸಿ ಹೇಳಿದರು. ದಪ್ಪ ಅಳೆಯುವಾಗ ಯಾವ ಪದರದಿಂದ ಯಾವ ಪದರಕ್ಕೆ ಅನ್ನುವುದು ಒಂದೊಂದು ಕಂಪನಿಯ ಮೆಷಿನ್‌ನಲ್ಲಿ ಒಂದೊಂದು ಥರ. ಅಲ್ಲಿಯ 412 ಇಲ್ಲಿ 412 ಆಗಿರಬೇಕಿಲ್ಲ. ಮುಂದೆ ಇಲ್ಲೇ ಚಿಕಿತ್ಸೆ ಅಂದರೆ ಇಲ್ಲಿಯದೇ ಮೊದಲ ಅಳತೆ ಬೇಕು. ಮೊದಲ ಕಡೆಯವರು ನಮಗೆ ಕೊಟ್ಟದ್ದಾದರೂ ಏನು? ಕಪ್ಪು ಬಿಳುಪಿನ ಒಂದು ಹಾಳೆ, ಅದರಲ್ಲಿ ಕಣ್ಣಿಗೆ ಒಂದೊಂದು ಸೀಳಿನ ಚಿತ್ರ. ಸ್ಕ್ಯಾನಿನಲ್ಲಿ ಅಂಥ ಸೀಳುಗಳು ಸಾಲಾಗಿ ಇರುತ್ತವೆ. ಉಳಿದದ್ದೆಲ್ಲ ಅವರ ಕಂಪ್ಯೂಟರಿನಲ್ಲೇ ಉಳಿದಿತ್ತು. ದುಡ್ಡು ಕೊಟ್ಟವರು ನಾವು, ಪೂರ್ತಿ ಚಿತ್ರ ಪೆನ್‌ಡ್ರೈವ್‌ಗೆ ಹಾಕಿಕೊಡಿ ಅಂತ ಕೇಳಬಹುದು ಅನ್ನುವುದೇ ಹೊಳೆದಿರಲಿಲ್ಲ. ಎರಡನೇ ಸ್ಕ್ಯಾನ್ ಆದಾಗ ಕೇಳಿದೆ. ಸುಮ್ನೆ ಕೊಟ್ಟರು.

ವಿಮೆಯದ್ದು ಬೇರೆ ಕಥೆ. ಅರ್ಜಿ ವಾಪಸ್ ಬಂತು. ಚೀಟಿಯಲ್ಲಿ ‘ಕಣ್ಣಿನ ತಪಾಸಣೆ’ ಅಂತ ಇತ್ತು. ಶುಗರಿನಿಂದ ರೆಟಿನಾದಲ್ಲಿ ಊತ, ಅದಕ್ಕಾಗಿ ಸ್ಕ್ಯಾನ್ ಅಂತ ಇದ್ದ ವಿಷಯವನ್ನೇ ಬರೆಸಿ ಕಳಿಸಿದ ಮೇಲೆ ಒಂದು ಭಾಗ ಬಂತು.

ಆಮೇಲೆ ಗೊತ್ತಾಗಿದ್ದು, ಇದು ಒಂದು ಸಲದ ಖರ್ಚೇ ಅಲ್ಲ. ಇಂಜೆಕ್ಷನ್ ಶುರುವಾದ ಮೇಲೆ ಊತ ಇಳಿಯಿತಾ ಅಂತ ನೋಡಲು ಪ್ರತಿ ತಿಂಗಳು ಸ್ಕ್ಯಾನ್. ಮೊದಲ ದಿನ ನಾನು ಚೌಕಾಸಿ ಮಾಡಲು ಹೋದ ಮೊತ್ತ ಇಡೀ ವರ್ಷದ ಲೆಕ್ಕದಲ್ಲಿ ಒಂದು ಸಣ್ಣ ಗೆರೆ. ಈಗ ಮೊದಲೇ ಕೇಳುತ್ತೇನೆ: ಒಂದು ಕಣ್ಣಿಗಾ ಎರಡಕ್ಕಾ, ರಿಪೋರ್ಟ್ ಸೇರಿಸಿಯಾ, ಮುಂದಿನ ಸಲಕ್ಕೂ ಇಷ್ಟೇನಾ. ಕೆಲವು ತಿಂಗಳು ಡಾಕ್ಟರೇ ಬಲಗಣ್ಣು ಒಂದೇ ಸಾಕು ಅನ್ನುತ್ತಾರೆ.

ಕಳೆದ ಸಲ ಅಳತೆ 290ಕ್ಕೆ ಇಳಿದಿತ್ತು. ಅಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ, ಬಿಲ್ ಹಿಡಿದು ಬೆಳಕಿಗೆ ಒಡ್ಡಿ ಓದುತ್ತಿದ್ದಳು, ಎಡಗಣ್ಣು ಮುಚ್ಚಿಕೊಂಡು. ಈ ಕಡೆಯ ಬಿಲ್ಲಿನಲ್ಲೂ ‘ಇತರೆ’ ಇದೆ ನೋಡು, ಅಂದಳು.